ಅಳತೆ ಮೊದಲು, ಮಾಡೆಲ್ ಆಮೇಲೆ

ಪರಿಸರ ಪ್ರಾಜೆಕ್ಟ್ ಮಾಡುವ ಹೈಸ್ಕೂಲ್ ತಂಡಗಳಿಗೆ ಶನಿವಾರ ಮಾರ್ಗದರ್ಶಿಯಾಗಿ ಹೋಗುತ್ತೇನೆ. ಮಕ್ಕಳ ವಿಜ್ಞಾನ ಸಮಾವೇಶಕ್ಕಿರಲಿ, ಶಾಲೆಯ ಇಕೋ ಕ್ಲಬ್‌ಗಿರಲಿ, ಮೊದಲ ದಿನ ಬರುವ ವಿಷಯಗಳು ಹೆಚ್ಚುಕಮ್ಮಿ ಒಂದೇ: ‘ಪ್ಲಾಸ್ಟಿಕ್ ಮುಕ್ತ ಭಾರತ’, ‘ಜಾಗತಿಕ ತಾಪಮಾನ’. ಇವನ್ನು ಶಾಲೆಯ ಕಾಂಪೌಂಡ್ ಒಳಗೆ ತರುವುದೇ ಮೊದಲ ಎರಡು ವಾರದ ಕೆಲಸ. ಬರಿಗೈಯಲ್ಲಿ ಆವರಣ ಸುತ್ತಿಸಿ, ಕಣ್ಣಿಗೆ ಬಿದ್ದ ಹತ್ತು ತೊಂದರೆ ಬರೆಸುತ್ತೇನೆ. ಅದರಲ್ಲಿ ಬಕೆಟ್, ತಕ್ಕಡಿ, ಗಡಿಯಾರ ಇಷ್ಟರಲ್ಲೇ ಅಳೆಯಬಹುದಾದ ಒಂದು ಮಾತ್ರ ಉಳಿಯುತ್ತದೆ.

ತಂಡಕ್ಕೆ ಐದು ಮಕ್ಕಳು ಸಾಕು, ಎಂಟು ಒಂಬತ್ತನೇ ತರಗತಿಯವರು. ಎಸ್ಸೆಸ್ಸೆಲ್ಸಿ ಮಕ್ಕಳು ಜೂನ್‌ನಲ್ಲಿ ಉತ್ಸಾಹದಿಂದ ಬರುತ್ತಾರೆ, ದಸರಾ ರಜೆ ಮುಗಿದ ಮೇಲೆ ಸಿಗುವುದಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆ ಬರಹದಲ್ಲೇ ಇರಬೇಕು. ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡುವುದಿಲ್ಲ, ಎಲ್ಲವೂ ಶಿಕ್ಷಕರ ಮೂಲಕ. ನೀರಿನ ಟ್ಯಾಂಕ್ ನೋಡಲು ತಾರಸಿ ಹತ್ತುವುದು ದೊಡ್ಡವರ ಕೆಲಸ.

ಕೈ ತೊಳೆಯುವ ನಲ್ಲಿ ಒಳ್ಳೆಯ ಆರಂಭ. ಒಂದು ಲೀಟರಿನ ಜಗ್ ತುಂಬಲು ಎಷ್ಟು ಸೆಕೆಂಡ್ ಎಂದು ಮೂರು ಸಲ ನೋಡಿ ಸರಾಸರಿ ತೆಗೆಯಬೇಕು. 8 ಸೆಕೆಂಡ್ ಆದರೆ ನಿಮಿಷಕ್ಕೆ 7.5 ಲೀಟರ್. ಮಗು ನಲ್ಲಿಯನ್ನು 20 ಸೆಕೆಂಡ್ ಬಿಟ್ಟುಕೊಂಡರೆ 2.5 ಲೀಟರ್, 240 ಮಕ್ಕಳಿಗೆ ಒಂದು ಹೊತ್ತಿಗೆ 600 ಲೀಟರ್. ಈ 20 ಸೆಕೆಂಡನ್ನು ಊಹಿಸಬಾರದು; ಊಟದ ಸಾಲಿನಲ್ಲಿ ಕನಿಷ್ಠ 30 ಮಕ್ಕಳ ಸಮಯ ಹಿಡಿಯಬೇಕು. ಅದೂ ಅವರಿಗೆ ಗೊತ್ತಾಗದಂತೆ. ಯಾರೋ ನೋಡುತ್ತಿದ್ದಾರೆ ಎಂದರೆ ಎಲ್ಲರೂ ನೀರುಳಿತಾಯದ ರಾಯಭಾರಿಗಳೇ. ಸೋರುವ ನಲ್ಲಿಯ ಹನಿ ಎಣಿಸುವ ಗೋಜು ಬೇಡ, ಸಂಜೆ ಕೆಳಗೆ ಬಕೆಟ್ ಇಟ್ಟು ಬೆಳಿಗ್ಗೆ ಅಳೆದರಾಯಿತು.

ಪರಿಹಾರ ಎಂದಾಗ ಮಕ್ಕಳು ಸೆನ್ಸರ್ ನಲ್ಲಿಗೆ ಹಾರುತ್ತಾರೆ. ಅದು ಬೇಡವೆಂದರೆ ನಲ್ಲಿ ಬಾಯಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ. ಅಂಗಡಿಯವರು ಹೇಳದ ವಿಷಯ: ಟ್ಯಾಂಕ್ ನಲ್ಲಿಗಿಂತ ಹತ್ತಡಿ ಮಾತ್ರ ಮೇಲಿದ್ದರೆ ಒತ್ತಡ ಸಾಲದೆ ಏರೇಟರಿನಲ್ಲಿ ನೀರು ಸಣ್ಣಗೆ ಬರುತ್ತದೆ, ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ, ಉಳಿದದ್ದು ಅಲ್ಲೇ ಕಳೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಜಾಲರಿಗೆ ಸುಣ್ಣ ಕಟ್ಟುತ್ತದೆ. ಆಗಾಗ ಬಿಚ್ಚಿ ನಿಂಬೆರಸದಲ್ಲಿ ನೆನೆಸುವವರು ಬೇಕು. ಅದಕ್ಕಿಂತ ನಲ್ಲಿ ಸಾಲಿಗೆ ಬರುವ ಪೈಪಿನ ವಾಲ್ವನ್ನೇ ಸ್ವಲ್ಪ ತಿರುಗಿಸಿ, ಜಗ್ ತುಂಬಲು 15 ಸೆಕೆಂಡ್ ಹಿಡಿಯುವಂತೆ ಮಾಡಿ, ಮಕ್ಕಳು ನಿಲ್ಲುವ ಸಮಯವನ್ನೂ ಮತ್ತೆ ಅಳೆಯಲಿ. ಖರ್ಚಿಲ್ಲ. ಬಹುಮಾನ ಕೊಡುವವರಿಗೆ ಇದು ಸಪ್ಪೆ ಎನಿಸಬಹುದು, ನನಗಂತೂ ಇದೇ ಒಳ್ಳೆಯ ಪ್ರಾಜೆಕ್ಟ್.

ಬಿಸಿಯೂಟದ ಕಸದ ತೂಕಕ್ಕೆ ಕೊಕ್ಕೆ ತಕ್ಕಡಿ ಸಾಕು. ಮೊದಲು ಖಾಲಿ ಬಕೆಟ್ ತೂಗಿ, ಅದರ ಮೇಲೇ ಪೇಂಟ್‌ನಲ್ಲಿ ತೂಕ ಬರೆಯಿರಿ; ಇದನ್ನು ಕಳೆಯಲು ಮರೆಯುವುದೇ ಅತಿ ಸಾಮಾನ್ಯ ತಪ್ಪು. ಹತ್ತು ಊಟದ ದಿನ ಬೇಕು, ಒಂದು ವಾರ ಸಾಲದು. ಮೊಟ್ಟೆ ಕೊಟ್ಟ ದಿನ ಸಿಪ್ಪೆಯಿಂದ, ಬಾಳೆಹಣ್ಣಿನ ದಿನ ಅದರ ಸಿಪ್ಪೆಯಿಂದ ತೂಕ ಏರುತ್ತದೆ. ಹಬ್ಬದ ಮರುದಿನ ಹಾಜರಾತಿ ಇಳಿಯುತ್ತದೆ. ಆದ್ದರಿಂದ ಒಟ್ಟು ತೂಕದ ಪಕ್ಕದಲ್ಲೇ ಊಟ ಮಾಡಿದವರ ಸಂಖ್ಯೆ ಬರೆದು, ತಲಾ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಬೇಕು. 6 ಕಿಲೋ ಕಸ, 240 ಮಕ್ಕಳು ಎಂದರೆ ತಲಾ 25 ಗ್ರಾಂ. ಅಡುಗೆಯಮ್ಮನವರನ್ನು ಮೊದಲ ದಿನವೇ ಮಾತಾಡಿಸಿ. ಲೆಕ್ಕ ತಮ್ಮ ಅಡುಗೆಯ ಮೇಲಿನ ದೂರು ಎಂದು ಅವರಿಗೆ ಅನಿಸಿದರೆ, ಮೂರನೇ ದಿನ ಬಕೆಟ್ ನಿಮ್ಮ ಕೈಗೆ ಸಿಗುವ ಮೊದಲೇ ಖಾಲಿಯಾಗಿರುತ್ತದೆ.

ಗೊಬ್ಬರಕ್ಕೆ 200 ಲೀಟರಿನ ಎರಡು ಡ್ರಮ್. ಸುತ್ತಲೂ ಗೇಣಿಗೊಂದು ತೂತು, ತಳದಲ್ಲಿ ನಾಲ್ಕಾರು, ಕೆಳಗೆ ಇಟ್ಟಿಗೆ. ತಳಕ್ಕೆ ಅರ್ಧ ಅಡಿ ಕಡ್ಡಿ, ಒಣಗಿದೆಲೆ. ಆಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ, ಒಂದು ಮಗ್ ಹಳೆಯ ಗೊಬ್ಬರ. ಸಾಂಬಾರನ್ನು ಜರಡಿಯಲ್ಲಿ ಬಸಿದೇ ಹಾಕಬೇಕು, ಅನ್ನದ ಮುದ್ದೆ ಒಡೆಯಬೇಕು. ಮುದ್ದೆಯೊಳಗೆ ಗಾಳಿ ಹೋಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ನೀರು ಹೆಚ್ಚು: ಒಣ ಎಲೆ ಸೇರಿಸಿ ಮಗುಚಿ. ಅಮೋನಿಯದ ಘಾಟು ಬಂದರೆ ಹಸಿ ಕಸದ ಪಾಲು ಜಾಸ್ತಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸರಿ. ಗೊಬ್ಬರ ಸಿದ್ಧವಾಯಿತೆಂದು ಬಣ್ಣ ನೋಡಿ ಹೇಳಬೇಡಿ. ಮಣ್ಣಿಗೆ ಬೆರೆಸಿ 10 ಮೆಂತ್ಯ ಕಾಳು, ಬರೀ ಮಣ್ಣಿನಲ್ಲಿ 10 ಕಾಳು ಬಿತ್ತಿ ಹೋಲಿಸಿ. ಗೊಬ್ಬರದಲ್ಲಿ ಮೊಳಕೆ ಕಡಿಮೆಯಾದರೆ ಇನ್ನೂ ಮಾಗಿಲ್ಲ, ಇಲ್ಲವೇ ಸಾಂಬಾರಿನ ಉಪ್ಪು ಉಳಿದಿದೆ.

ಮನೆ ಸಮೀಕ್ಷೆಯಲ್ಲಿ ‘ನೀವು ನೀರು ಉಳಿಸುತ್ತೀರಾ?’ ಎಂಬ ಪ್ರಶ್ನೆಗೆ ನೂರಕ್ಕೆ ನೂರು ಹೌದು. ‘ನಿನ್ನೆ ಎಷ್ಟು ಕೊಡ ತಂದಿರಿ?’ ಎಂದು ಕೇಳಿ, ಆ ಮನೆಯ ಕೊಡವನ್ನೇ ಲೀಟರಿನಲ್ಲಿ ಅಳೆಯಬೇಕು. ಕೊಡಗಳೆಲ್ಲ ಒಂದೇ ಅಳತೆಯವಲ್ಲ.

ದಿನಚರಿ ಪುಸ್ತಕಕ್ಕೆ ಪುಟ ಸಂಖ್ಯೆ ಹಾಕಿಸಿ, ತಪ್ಪನ್ನು ಒಂದು ಗೆರೆಯಿಂದ ಹೊಡೆದುಹಾಕಲು ಹೇಳುತ್ತೇನೆ, ವೈಟ್ನರ್ ಬೇಡ. ನಾನಿಲ್ಲದ ದಿನಗಳ ಅಳತೆಗೆ ಶಿಕ್ಷಕರ ಸಹಿ. ವರದಿಯಲ್ಲಿ ಒಂದು ಸಾಲನ್ನೂ ನಾನು ಬರೆಯುವುದಿಲ್ಲ. ಬರೆಯಲು ಕೈ ತುರಿಸುತ್ತದೆ, ನಿಜ. ಬದಲಿಗೆ ಪ್ರತಿ ಸಂಖ್ಯೆಯ ಮೇಲೂ ಬೆರಳಿಟ್ಟು ‘ಇದು ಎಲ್ಲಿಂದ ಬಂತು?’ ಎಂದು ಕೇಳುತ್ತೇನೆ. ಪುಸ್ತಕದ ಪುಟ ತೋರಿಸಲಾಗದ್ದು ವರದಿಯಿಂದ ಹೊರಗೆ. ಇನ್ನು ಮಾಡೆಲ್: ಕಸದ ಪ್ರಾಜೆಕ್ಟಿಗೆ ಥರ್ಮೋಕೋಲಿನ ಮಾಡೆಲ್ ತರುವ ತಂಡ ಪ್ರತಿವರ್ಷ ಒಂದಾದರೂ ಇರುತ್ತದೆ. ಡ್ರಮ್ಮಿನ ಫೋಟೊ, ಬಾಟಲಿಯಲ್ಲಿ ಒಂದಿಷ್ಟು ಗೊಬ್ಬರ ತಂದರೆ ಸಾಕು.

ಬೇಸಿಗೆ ರಜೆಯ ಲೆಕ್ಕ ಮೊದಲೇ ಇರಲಿ. ಫೆಬ್ರವರಿ ಕೊನೆಗೆ ಡ್ರಮ್ಮಿಗೆ ಹಸಿ ಕಸ ನಿಲ್ಲಿಸಿ, ವಾರಕ್ಕೊಮ್ಮೆ ಮಗುಚುತ್ತಿದ್ದರೆ ರಜೆಯ ಹೊತ್ತಿಗೆ ವಾಸನೆ ಇರುವುದಿಲ್ಲ. ಮೇಲೆ ಅರ್ಧ ಅಡಿ ಒಣ ಎಲೆ ಹೊದಿಸಿ, ಮಳೆ ಬೀಳದಂತೆ ಮುಚ್ಚಿಡಬೇಕು. ದಿನಚರಿ ಪುಸ್ತಕ, ತಕ್ಕಡಿ, ಜಗ್ ಎಲ್ಲವೂ ವಿಜ್ಞಾನ ಕೊಠಡಿಯ ಬೀರುವಿಗೆ, ಜೂನ್‌ನಲ್ಲಿ ಬರುವ ತಂಡಕ್ಕೆ.