ಹಳೇ ಕಾರು ಕುದಿಯಿತೇ? ಎಲ್ಲಿ ಕುದಿಯಿತು ಅಂತ ಮೊದಲು ಬರೆದಿಡಿ

ನನ್ನದು 1996ರ ಮಾರುತಿ 800. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ದೇವರಾಯನದುರ್ಗಕ್ಕೆ ಹೊರಟರೆ ಮಾತ್ರ ನಾಮದ ಚಿಲುಮೆ ದಾಟಿ ಏರು ಶುರುವಾಗುತ್ತಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಈ ಚಿಲುಮೆ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗ ಅಂತ ಹೇಳುತ್ತಾರೆ. ನನ್ನ ಕಾರೂ ಅಲ್ಲೇ ನೀರು ಕೇಳಬೇಕೇ!

ಮನೆಯಲ್ಲಿ ಎಲ್ಲರೂ ಗುಜರಿಗೆ ಹಾಕಿ ಅಂದರು. ನಾನು ಹೋಗಿ ಒಂದು ನೋಟ್‌ಬುಕ್ ತಂದೆ.

ದುಡ್ಡು ಸುರಿಯುವ ಮೊದಲು ಆರ್‌ಸಿ ತೆಗೆದು ದಿನಾಂಕ ನೋಡಿ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಆರ್‌ಸಿ ನವೀಕರಿಸಬೇಕು. ಅದು ಮುಗಿದಿದ್ದರೆ ಮೊದಲ ಖರ್ಚು ಅಲ್ಲೇ.

ದಾರಿಯಲ್ಲಿ ಕುದಿದರೆ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಸುಮ್ನೆ ಕೂತಿರಿ. ಪೂರ್ತಿ ಆರುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುದಿನೀರು ಮುಖಕ್ಕೇ ಎರಚುತ್ತದೆ. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಲೂಬೇಡಿ. ಎಂಜಿನ್‌ನ ಮೇಲ್ಭಾಗ, ಅಂದರೆ ಅಲ್ಯೂಮಿನಿಯಂ ಹೆಡ್, ಸೊಟ್ಟಗಾದರೆ ಕೆಲಸ ದೊಡ್ಡದಾಗುತ್ತದೆ. ಆರಿದ ಮೇಲೆ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ, ಅವೆರಡೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಜಾಸ್ತಿ. ಆಗ ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿ.

ಆಯಿಲ್ ಸರಿ ಇದ್ದರೆ ನೋಟ್‌ಬುಕ್ ತೆರೆಯಿರಿ. ಎಲ್ಲಿ, ಎಷ್ಟು ಸ್ಪೀಡಿನಲ್ಲಿ, ಯಾವ ಗೇರಿನಲ್ಲಿ ಕುದಿಯಿತು ಅಂತ ಬರೆಯಿರಿ. ಹೈವೇಯಲ್ಲಿ ಜೋರಾಗಿ ಹೋಗುವಾಗ ಕುದಿದರೆ ಮೊದಲ ಅನುಮಾನ ಕಟ್ಟಿಕೊಂಡ ರೇಡಿಯೇಟರ್ ಅಥವಾ ವಾಟರ್ ಪಂಪ್ ಮೇಲೆ. ಟ್ರಾಫಿಕ್‌ನಲ್ಲಿ, ಏರಿನಲ್ಲಿ ನಿಧಾನ ಹೋಗುವಾಗ ಮಾತ್ರ ಕುದಿದರೆ ಫ್ಯಾನ್ ಮೇಲೆ. ಓಡುವ ಕಾರಿಗೆ ಗಾಳಿ ತಾನಾಗೇ ಸಿಗುತ್ತದೆ. ಸೆಕೆಂಡ್ ಗೇರಿನಲ್ಲಿ ತೆವಳುವಾಗ ಫ್ಯಾನೇ ಗತಿ, ಅಲ್ವಾ?

ಆದರೂ ನಾನು ಕಡಿಮೆ ಖರ್ಚಿನದರಿಂದಲೇ ಶುರು ಮಾಡಿದೆ. ರೇಡಿಯೇಟರ್ ಮುಚ್ಚಳ ಕುಕ್ಕರ್ ಮುಚ್ಚಳ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದರೆ ನೀರು ತಡವಾಗಿ ಕುದಿಯುತ್ತದೆ. 800 ಮೀಟರ್ ಎತ್ತರದ ನಮ್ಮೂರಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ರಬ್ಬರ್ ಸವೆದಿದ್ದರೆ ಮುಚ್ಚಳ ಬದಲಿಸಿ. ಹೋಸ್‌ಗಳನ್ನು ಹಿಚುಕಿ ನೋಡಿ, ಬಿರುಕಿದ್ದರೆ ಅವೂ ಹೊಸದಾಗಲಿ.

ಆಮೇಲೆ ನೀರು. ಬೋರ್‌ವೆಲ್ ನೀರು ಸ್ನಾನದ ಹಂಡೆಗೆ ಬಿಳಿ ಪೊರೆ ಕಟ್ಟಿಸುವುದನ್ನು ನೋಡಿದ್ದೀರಿ. ರೇಡಿಯೇಟರ್ ಒಳಗೂ ಅದೇ ಕಥೆ. ಹಳೇ ನೀರು ಇಳಿಸಿ, ಕೆಳಗಿನ ಬಾಯಿಯಿಂದ ಪೈಪ್ ಹಿಡಿದು ತಿಳಿ ನೀರು ಬರುವವರೆಗೆ ತೊಳೆಯಿರಿ. ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿ. ತಣ್ಣಗಿನ ಎಂಜಿನ್ ಅನ್ನು ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಇರಿ. ಇಳಿಸಿದ ಕೂಲಂಟ್ ಬಯಲಲ್ಲಿ ಬಿಡಬೇಡಿ. ಸಿಹಿ ಅಂತ ನಾಯಿಗಳು ನೆಕ್ಕುತ್ತವೆ, ಅದು ವಿಷ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಕವಾಟ. ಬಿಚ್ಚಿ ಕುದಿಯುವ ನೀರಿನಲ್ಲಿ ಇಟ್ಟರೆ ಅದು ಬಾಯಿ ಬಿಡಬೇಕು. ಅಡುಗೆಮನೆಯ ಪಾತ್ರೆ ಮಾತ್ರ ಬೇಡ, ಅನುಭವದಿಂದ ಹೇಳುತ್ತಿದ್ದೇನೆ. "ಕಿತ್ ಹಾಕ್ಬಿಡಿ ಸಾರ್, ಬೇಕಾಗಿಲ್ಲ" ಎನ್ನುವ ಮೆಕ್ಯಾನಿಕ್ ಎಲ್ಲ ಕಡೆ ಸಿಗುತ್ತಾರೆ. ಒಪ್ಪಬೇಡಿ. ಅದಿಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಒಂದು ಭಾನುವಾರಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಪ್ರತಿ ಸಲ ಅದೇ ಏರಿಗೆ ಹೋಗಿ ನೋಡಿ.

ನಾಲ್ಕನೇ ಭಾನುವಾರ ಫ್ಯಾನಿನ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ನೇರ ವೈರ್ ಕೊಟ್ಟೆ. ಎಂಜಿನ್ ಆಫ್, ಕೈ ದೂರ. ಫ್ಯಾನ್ ಗಿರ್ರನೆ ತಿರುಗಿತು. ಅಂದರೆ ಮೋಟರ್ ಸರಿ ಇದೆ, ಎಂಜಿನ್ ಬಿಸಿಯಾದಾಗ ಅದನ್ನು ಆನ್ ಮಾಡುವ ಸ್ವಿಚ್ ಮೇಲೇ ಅನುಮಾನ. ಹೊಸ ಸ್ವಿಚ್ ಹಾಕಿ ದುರ್ಗ ಹತ್ತಿದೆ. ಮುಳ್ಳು ಮಧ್ಯದಲ್ಲೇ ನಿಂತಿತ್ತು.

ಇಳಿಯುವಾಗ ಮಳೆ ಬಂತು, ವೈಪರ್ ಅರ್ಧಕ್ಕೇ ನಿಂತಿತು. ಜಾಗ, ಸ್ಪೀಡು ಬರೆದುಕೊಂಡಿದ್ದೇನೆ.