ಜೆಮೀಟರ್ ರಿಸಲ್ಟ್ ಫೈಲ್ ಜಿಬಿಗಟ್ಟಲೆ ಬೆಳೆದರೆ ಏನು ಮಾಡಬೇಕು?

ದಸರಾ ಗೋಲ್ಡ್ ಕಾರ್ಡ್ ಬಿಟ್ಟ ಕೂಡಲೇ ಜನ ಮುಗಿಬೀಳುತ್ತಾರಲ್ಲ, ಅಂಥ ಸೈಟಿಗೆ ಜೆಮೀಟರ್ ಎಂಬ ಟೂಲಿನಿಂದ ಲೋಡ್ ಟೆಸ್ಟ್ (ಒಮ್ಮೆಗೇ ಬಹಳ ಜನ ಬಂದರೆ ಸೈಟ್ ತಡೆಯುತ್ತದಾ ಅನ್ನುವ ಪರೀಕ್ಷೆ) ಮಾಡಬೇಕು ಅಂದುಕೊಳ್ಳಿ. ಸಂಜೆ ಟೆಸ್ಟ್ ಶುರು ಮಾಡಿ ಹೆಬ್ಬಾಳದ ಆಫೀಸಿನಿಂದ ಮನೆಗೆ ಹೋಗುತ್ತೀರಿ, ಬೆಳಿಗ್ಗೆ ಬಂದು ನೋಡಿದರೆ ಡಿಸ್ಕ್ ಫುಲ್. ಜಾಗ ಜಾಸ್ತಿ ಕೊಡಿ ಅಂತ ಅಡ್ಮಿನ್‌ಗೆ ಮೇಲ್ ಹಾಕುವ ಮೊದಲು, ರಿಸಲ್ಟ್ ಫೈಲಿನಲ್ಲಿ ಏನು ತುಂಬಿದೆ ನೋಡಿ.

ಸಾಮಾನ್ಯವಾಗಿ ಸಿಗುವ ಕಳ್ಳ ಎಕ್ಸ್‌ಎಂಎಲ್, ಅಂದರೆ ಪ್ರತಿ ಮಾಹಿತಿಗೂ ಟ್ಯಾಗ್ ಸುತ್ತಿ ಬರೆಯುವ ಫೈಲ್ ರೂಪ. ಡೀಬಗ್ ಮಾಡಲು ಯಾರೋ ಅದನ್ನು ಆನ್ ಮಾಡಿ, ಸರ್ವರ್ ಕಳಿಸಿದ ಇಡೀ ಪೇಜನ್ನೂ ಸೇವ್ ಮಾಡಲು ಟಿಕ್ ಹಾಕಿ, ಹಾಗೇ ಬಿಟ್ಟಿರುತ್ತಾರೆ. ಸಿಎಸ್‌ವಿಗೆ (ಅಲ್ಪವಿರಾಮ ಹಾಕಿ ಬೇರ್ಪಡಿಸುವ ಸರಳ ಫೈಲ್ ರೂಪ) ಬದಲಿಸಿ, ಒಂದು ರಿಕ್ವೆಸ್ಟ್‌ಗೆ ಒಂದು ಸಾಲು, ಅಷ್ಟೇ. ಎರರ್ ಬಂದಾಗ ಪೇಜ್ ಬೇಕೇ ಬೇಕು ಅಂದರೆ ಇನ್ನೊಂದು ಸಿಂಪಲ್ ಡೇಟಾ ರೈಟರ್ (ರಿಸಲ್ಟನ್ನು ಫೈಲಿಗೆ ಬರೆಯುವ ಜೆಮೀಟರ್ ಭಾಗ) ಸೇರಿಸಿ, ಎರರ್ಸ್ ಮಾತ್ರ ಟಿಕ್ ಮಾಡಿ, ಅದೊಂದನ್ನು ಎಕ್ಸ್‌ಎಂಎಲ್‌ನಲ್ಲಿ ಇಡಿ. ಒಂದೊಂದು ರಿಸಲ್ಟನ್ನೂ ಪರದೆಯಲ್ಲಿ ತೋರಿಸುವ ವ್ಯೂ ರಿಸಲ್ಟ್ಸ್ ಟ್ರೀಯನ್ನು ಡಿಸೇಬಲ್ ಮಾಡಿ, ಅದು ಮೆಮೊರಿ ತಿನ್ನುತ್ತದೆ. ನಿಜವಾದ ಟೆಸ್ಟನ್ನು ಯಾವಾಗಲೂ ಕಮಾಂಡ್ ಲೈನ್‌ನಿಂದಲೇ ಓಡಿಸಿ. ಫೈಲ್ ಹೆಸರಿಗೆ ದಿನಾಂಕ, ಗಂಟೆ ಸೇರಿಸಿ, ಇಲ್ಲದಿದ್ದರೆ ಹಳೆಯ ಫೈಲಿನ ಬಾಲಕ್ಕೇ ಹೊಸ ರಿಸಲ್ಟ್ ಅಂಟಿಕೊಳ್ಳಬಹುದು.

ಫೈಲ್ ಈಗಾಗಲೇ ದೊಡ್ಡದಾಗಿದೆಯಾ? ಎಕ್ಸೆಲ್ ಮರೆತುಬಿಡಿ, 10,48,576 ಸಾಲು ದಾಟಿದ್ದು ಅದರ ಒಂದು ಶೀಟಿಗೆ ಹಿಡಿಸುವುದಿಲ್ಲ. ಹಾಗಂತ ಫೈಲನ್ನು ತುಂಡು ಮಾಡಿ, ತುಂಡಿಗೊಂದು ರಿಪೋರ್ಟ್ ತೆಗೆದು, ಕೊನೆಗೆ ಸರಾಸರಿ ಮಾಡಲೂ ಹೋಗಬೇಡಿ. ಹತ್ತು ತುಂಡುಗಳ 95ನೇ ಪರ್ಸೆಂಟೈಲ್‌ಗಳ (ನೂರರಲ್ಲಿ 95 ರಿಕ್ವೆಸ್ಟ್ ಇಷ್ಟರೊಳಗೆ ಮುಗಿದವು ಅನ್ನುವ ಸಮಯ) ಸರಾಸರಿ ಇಡೀ ಟೆಸ್ಟಿನ 95ನೇ ಪರ್ಸೆಂಟೈಲ್ ಅಲ್ಲ. ಒಂದೇ ತುಂಡಿನಲ್ಲಿ ಸರ್ವರ್ ಹತ್ತು ನಿಮಿಷ ತತ್ತರಿಸಿದ್ದರೂ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ, ಮ್ಯಾನೇಜರ್ ಸುಮ್ನೆ ಖುಷಿಪಡುತ್ತಾರೆ! ಬೇಡದ್ದನ್ನು ಸೋಸುವುದೇ ಒಳ್ಳೆಯದು. ಮೊದಲ ಕಾಲಂ ಮಿಲಿಸೆಕೆಂಡ್ ಲೆಕ್ಕದ ಟೈಮ್‌ಸ್ಟಾಂಪ್ ಅಲ್ವಾ, ಸಾಲುಗಳನ್ನು ಸೋಸುವ ಆಕ್ (awk) ಕಮಾಂಡ್‌ನಿಂದ ಯೂಸರ್‌ಗಳು ಏರುತ್ತಿದ್ದ ಶುರುವಿನ ಸಾಲುಗಳನ್ನು ಬಿಟ್ಟು, ಹೆಡರ್ ಸಾಲನ್ನು ಉಳಿಸಿಕೊಂಡು ಹೊಸ ಫೈಲ್ ಮಾಡಿ.

ರಿಪೋರ್ಟ್ ತೆಗೆಯುವಾಗ ಔಟ್ ಆಫ್ ಮೆಮೊರಿ ಬಂದರೆ ಹೀಪ್ (ಜೆಮೀಟರ್ ಬಳಸಬಹುದಾದ ಮೆಮೊರಿ) ಹೆಚ್ಚಿಸಿ, ಈಚಿನ ವರ್ಶನ್‌ಗಳಲ್ಲಿ ಅದು 1 ಜಿಬಿ ಮಾತ್ರ ಇರುತ್ತದೆ. ಗ್ರಾಫಿನ ಗ್ರ್ಯಾನ್ಯುಲಾರಿಟಿ, ಅಂದರೆ ಒಂದೊಂದು ಬಿಂದು ಎಷ್ಟು ಹೊತ್ತಿನ ಲೆಕ್ಕ ಅನ್ನುವುದು, 60,000 ಮಿಲಿಸೆಕೆಂಡ್ ಇರುತ್ತದೆ. ಇಡೀ ರಾತ್ರಿಯ ಟೆಸ್ಟಿಗೆ 3,00,000 ಮಾಡಿದರೂ ಸಾಕು.

ರಿಪೋರ್ಟ್ ಸರಿಯಾಗಿ ಬಂತು ಅಂದಮೇಲೆ ಸಿಎಸ್‌ವಿಯನ್ನು ಜಿಜಿಪ್ ಮಾಡಿ. ಅದೇ ಲೇಬಲ್‌ಗಳು (ರಿಕ್ವೆಸ್ಟ್‌ಗಳ ಹೆಸರುಗಳು) ಮತ್ತೆ ಮತ್ತೆ ಬರುವುದರಿಂದ ಚೆನ್ನಾಗಿ ಕುಗ್ಗುತ್ತದೆ. ಜೊತೆಗೆ ಆ ದಿನದ ಟೆಸ್ಟ್ ಪ್ಲಾನ್, ಪ್ರಾಪರ್ಟೀಸ್ ಫೈಲ್ ಎರಡನ್ನೂ ಅದೇ ಫೋಲ್ಡರಿನಲ್ಲಿ ಇಡಿ.