ಅಟ್ಟದ ಡಬ್ಬಿಯ ಹಳೇ ತೋಟಾ ಬಂದೂಕಿಗೆ ಹಾಕುವ ಮುಂಚೆ

ಕಲಘಟಗಿ, ಹಾನಗಲ್ ಕಡೆ ಕಾಡಂಚಿನ ಹೊಲದವರಲ್ಲಿ ಕೆಲವರ ಮನೇಲಿ ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಬಂದೂಕು ಇರುತ್ತದೆ. ಗೋವಿನಜೋಳದ ತೆನೆ ಹಾಲುಗಾಳಾಯಿತು ಅಂದರೆ ಹಂದಿ ಕಾಟ ಶುರು, ಆಗ ಬಂದೂಕಿನ ಜೊತೆ ಅಟ್ಟದಿಂದ ಒಂದು ಡಬ್ಬಿಯೂ ಇಳಿಯುತ್ತದೆ, ಅದರೊಳಗೆ ಯಾರ ಕಾಲದ್ದೋ ಗೊತ್ತಿಲ್ಲದ ನಾಲ್ಕಾರು ತೋಟಾ (ಕಾರ್ಟ್ರಿಜ್). (ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಹಾಗಿಲ್ಲ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು.)

ಮೊದಲು ತೋಟಾದ ತಳದಲ್ಲಿ ಬರೆದದ್ದು ಓದಿ. ಬೋರ್ ಸಂಖ್ಯೆ ಹೆಚ್ಚಾದಷ್ಟೂ ತೋಟಾ ಸಣ್ಣದು, ಹಾಗಾಗಿ 20 ಬೋರಿನದು 12 ಬೋರ್ ನಳಿಗೆಯಲ್ಲಿ ಮುಂದಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಖಾಲಿ ಕಾಣುತ್ತದೆ, ಹಾಕೋದು ಮರೆತೆ ಅಂದುಕೊಂಡು 12ರದ್ದು ತುಂಬಿ ಟ್ರಿಗರ್ ಎಳೆದರೆ ನಳಿಗೆ ಸೀಳೋದು ಎಡಗೈ ಹಿಡಿದ ಜಾಗದ ಹತ್ತಿರವೇ.

ಉದ್ದವೂ ಮೋಸ ಮಾಡುತ್ತದೆ. ತೋಟಾ ಕೂರುವ ಗೂಡು 65 ಮಿ.ಮೀ. ಉದ್ದವಿರುವ ಬಂದೂಕಿನೊಳಗೆ 70ರ ತೋಟಾ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಅದರ ಮೇಲೆ ಬರೆದಿರೋದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಿಚ್ಚಿಕೊಳ್ಳಲು ಜಾಗ ಸಾಲದಿದ್ದರೆ ಒತ್ತಡ ಏರುತ್ತದೆ. ಸುಮ್ನೆ ಪಟ್ಟಿ ಹಿಡಿದು ಅಳೆಯಬೇಡಿ, ನಳಿಗೆ ಮೇಲಿನ ಗುರುತು ನೋಡಿ.

ಹಿತ್ತಾಳೆ ಹಸಿರುಗಟ್ಟಿದೆ, ಕಾಗದ ಉಬ್ಬಿದೆ, ಬಾಯಿ ಯಾರೋ ಮನೇಲಿ ಮತ್ತೆ ಮಡಚಿದಂತಿದೆ ಅಂದರೆ ಆ ತೋಟಾ ಬೇಡವೇ ಬೇಡ. ಒಳಗೆ ಯಾವ ಮದ್ದು, ಎಷ್ಟು ಅಂತ ಹೊರಗಿನಿಂದ ಹೇಳೋಕಾಗಲ್ಲ, ಅಲ್ವಾ? ಕರಿಮದ್ದಿಗೆ ಮಾಡಿದ ಹಳೇ ಬಂದೂಕು ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡ ತಡೆಯದು. ಬಿಸಿಲಿಗೆ ಒಣಗಿಸೋದು, ಎಣ್ಣೆ ಹಚ್ಚೋದು ಎಲ್ಲ ದಂಡ.

ಟ್ರಿಗರ್ ಎಳೆದರೂ ಸಿಡಿಯಲಿಲ್ಲವೇ? ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಮದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು. ಆಮೇಲೆ ಮುಖ ದೂರವಿಟ್ಟು ಬಿಚ್ಚಿ, ತೆಗೆಯಿರಿ. ನನಗೆ ಇದಕ್ಕಿಂತ ಜಾಸ್ತಿ ಹೆದರಿಕೆ 'ಟುಸ್' ಅನ್ನುವ ಸದ್ದಿನದು. ಆಗ ಗುಂಡೋ, ಮದ್ದಿಗೂ ಗುಂಡಿಗೂ ನಡುವೆ ಇರುವ ಬಿರಡೆಯೋ ನಳಿಗೆಯಲ್ಲೇ ಉಳಿದಿರಬಹುದು, ಮುಂದಿನ ಏಟು ಅದಕ್ಕೇ ಬಡಿಯುತ್ತದೆ. ಅಲ್ಲಿಗೇ ನಿಲ್ಲಿಸಿ, ತೋಟಾ ಎಲ್ಲ ತೆಗೆದು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಕಟ್ಟಿದ್ದರೆ ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಡಿ.

ಬೇಡದ ತೋಟಾ ಒಲೆಗೂ ಬೇಡ, ಬಾವಿಗೂ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತೋಟಾ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು. ಅದಕ್ಕೇ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ, ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ.